ಸುಮತಿ ಟೀಚರ್ ಮಾತು ಕೇಳುವ ಬಾಗಿಲು

ಸುಮತಿ ಟೀಚರ್ ಹತ್ತಿರ ನಿಂತವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಬೇಕಿತ್ತು. ಅವರು ಕಾರಿನಿಂದ ಇಳಿಯುವಾಗಲೋ ಮೆಟ್ಟಿಲು ಹತ್ತುವಾಗಲೋ ಯಾರಾದರೂ ಪಾಪ ಅಂತ ಒಂದು ಹೆಜ್ಜೆ ಮುಂದೆ ಬಂದರೆ ಸಾಕು, ತಲೆ ಕೂಡ ಎತ್ತದೆ "ಕೈ ಹಿಂದೆ!" ಅನ್ನುವರು. ಅಂದ ಧಾಟಿ ಹೇಗಿರುತ್ತಿತ್ತು ಅಂದರೆ, ಮೀಸೆ ಬಲಿತ ಗಂಡಸರು ಕೂಡ ಶಾಲೆಯ ಹುಡುಗರ ಹಾಗೆ ಕೈ ಹಿಂದಕ್ಕೆ ಒಯ್ದುಬಿಡುತ್ತಿದ್ದರು. ನಾನೂ ಒಯ್ದಿದ್ದೇನೆ. ಒಂದು ಸಲ ಅಲ್ಲ.

ಆ ಮಾತು ಅವರ ಟೈಪಿಂಗ್ ಕ್ಲಾಸಿನದು. ತೀರ್ಥಹಳ್ಳಿಯ ಪೇಟೆಯಲ್ಲಿ ಒಂದು ಕಿರಾಣಿ ಅಂಗಡಿಯ ಮಗ್ಗುಲ ಕೋಣೆಯಲ್ಲಿ ಅವರ ಟೈಪಿಂಗ್ ಶಾಲೆ ಇತ್ತು. ಪರೀಕ್ಷೆಗೆ ತಯಾರಿ ಮಾಡಿಸುವಾಗ ಗಂಟೆ ಹೊಡೆಯುವ ತನಕ ಯಾರೂ ಮೆಷಿನ್ ಮುಟ್ಟಬಾರದು ಅಂತ ಎಲ್ಲರ ಕೈಯನ್ನೂ ಹಿಂದೆ ಕಟ್ಟಿಸುತ್ತಿದ್ದರು. ಗಂಟೆ ಆದ ಕೂಡಲೇ ಆಲಿಕಲ್ಲು ಸುರಿದ ಹಾಗೆ ಸದ್ದು ಶುರುವಾಗುತ್ತಿತ್ತು. ರಸ್ತೆಯ ಈಚೆ ನನ್ನ ವೆಲ್ಡಿಂಗ್ ಶಾಪು. ಅವರ ಸದ್ದಿಗೆ ನಾನು ಬೈಯುವುದು, ನನ್ನ ಸದ್ದಿಗೆ ಅವರು ಬೈಯುವುದು, ಹಾಗೆ ನಮ್ಮ ಪರಿಚಯ.

ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವರ ಎಡಗಾಲು ಬತ್ತಿತ್ತು. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿದ ಬೂಟು, ಕೈಯಲ್ಲಿ ಒಂದು ಬೆತ್ತ. ಹೊಸನಗರದಲ್ಲಿ ಅವರ ಮನೆಯವರದು ಬಟ್ಟೆ ವ್ಯಾಪಾರ, ಅನುಕೂಲಸ್ಥ ಜೈನ ಮನೆತನ. ಕೂತು ಉಂಡರೂ ನಡೆಯುತ್ತಿತ್ತು. ಆದರೆ ಅಪ್ಪ ಬಿಟ್ಟುಹೋದ ಹಾಲಿನ ಬಣ್ಣದ ಫಿಯೆಟ್ ಕಾರನ್ನು ಹಟ ಮಾಡಿ ಇಸಿದುಕೊಂಡು, ತೀರ್ಥಹಳ್ಳಿಗೆ ಬಂದು ಒಬ್ಬರೇ ಮನೆ ಮಾಡಿದ್ದರು.

ಮೊದಲ ಸಲ ಶಾಪಿಗೆ ಬಂದಾಗ ಅವರು ಕೇಳಿದ್ದು ಕ್ಲಚ್ಚಿನ ಕೆಲಸ. ಕಾಲಿನಲ್ಲಿ ಒತ್ತುವ ಕ್ಲಚ್ಚನ್ನು ಕೈಯಲ್ಲಿ ಒತ್ತುವ ಹಾಗೆ ಮಾಡಿಕೊಡಬೇಕು. ಶಿವಮೊಗ್ಗದವರು ಆಗುವುದಿಲ್ಲ ಅಂದಿದ್ದರಂತೆ.

"ನಿಮ್ಮ ಕೈಲಿ ಆಗ್ತದಾ ಲೋಕಪ್ಪನೋರೆ? ಆಗದಿದ್ರೆ ಈಗ್ಲೇ ಹೇಳಿ. ಆಗ್ತದೆ ಅಂತ ಹೇಳಿ ಆಮೇಲೆ ತಲೆ ಕೆರ್ಕೊಳ್ಬೇಡಿ."

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಕಬ್ಬಿಣದ ವಿಷಯದಲ್ಲಿ ಮಾತ್ರ ನಾನು ಯಾರಿಗೂ ತಲೆ ಬಗ್ಗಿಸಿದವನಲ್ಲ. ಆಗಿನ ಕಾಲಕ್ಕೆ ತೀರ್ಥಹಳ್ಳಿಯ ಅರ್ಧದಷ್ಟು ಕಿಟಕಿ ಸರಳು, ಗೇಟು ಎಲ್ಲ ನನ್ನ ಕೈಯದೇ. "ಆಗ್ತದೆ" ಅಂದೆ. ಮಾಡಿಯೂ ಕೊಟ್ಟೆ. ಸ್ಟೇರಿಂಗಿನ ಪಕ್ಕ ಕೈಗೆ ಸಿಗುವ ಹಾಗೆ ಒಂದು ಸರಳು. ಅವರು ಅದನ್ನು ಒತ್ತಿ, ಗೇರು ಹಾಕಿ, ತುಂಗಾ ಸೇತುವೆ ದಾಟಿ ಹೋಗಿ ತಿರುಗಿ ಬಂದು, "ಸ್ವಲ್ಪ ಗಟ್ಟಿ ಆಯ್ತು. ಎಮ್ಮೆ ಹಾಲು ಕರೆದ ಹಾಗೆ ಆಗ್ತದೆ" ಅಂದರು. ಹೊಗಳಿಕೆ ಅಂತ ಅವರ ಬಾಯಿಂದ ಬರುತ್ತಿದ್ದದ್ದು ಅಷ್ಟೇ. ಸಡಿಲ ಮಾಡಿಕೊಟ್ಟೆ.

ಕಾರೇನೋ ಅವರ ಮಾತು ಕೇಳಿತು. ಕೇಳದೆ ಇದ್ದದ್ದು ಕಾರ್ ಶೆಡ್ಡಿನ ಬಾಗಿಲು.

ಅವರ ಮನೆ ಒಂದು ದಿಬ್ಬದ ಮೇಲಿತ್ತು. ಶೆಡ್ಡಿನ ಮುಂದೆ ಇಳಿಜಾರು. ಕಾರು ನಿಲ್ಲಿಸಿ, ಇಳಿದು, ಬೆತ್ತ ಊರಿಕೊಂಡು ಹೋಗಿ, ಎರಡು ರೆಕ್ಕೆಯ ಮರದ ಬಾಗಿಲನ್ನು ಬಿಡಿಸಿ, ಮತ್ತೆ ಬಂದು ಕಾರು ಹತ್ತಬೇಕು. ಅಕ್ಕಪಕ್ಕದವರು ಹಾರ್ನ್ ಕೇಳಿದರೆ ಓಡಿ ಬರುತ್ತಿದ್ದರು. ಆ ಓಟ ಇವರಿಗೆ ಆಗುತ್ತಿರಲಿಲ್ಲ. ಹಾರ್ನ್ ಮಾಡುವುದನ್ನೇ ಬಿಟ್ಟರು. ಯಾರೂ ನೋಡದ ಹೊತ್ತು ಕಾದು ಇಳಿಯುತ್ತಿದ್ದರು. ಒಂದು ಮಳೆಗಾಲದ ಬೆಳಿಗ್ಗೆ ಪಾಚಿಯ ಮೇಲೆ ಬೆತ್ತ ಜಾರಿ ಬಿದ್ದು, ಭುಜ ಊದಿಸಿಕೊಂಡರು. ಸುದ್ದಿ ಹೊಸನಗರಕ್ಕೆ ಮುಟ್ಟಿತು.

ಅವರ ಅಣ್ಣ ನೇಮಿರಾಜಯ್ಯನವರು ಬಂದರು. ಒಳ್ಳೆಯ ಮನುಷ್ಯ. ಮೆತ್ತಗೆ ಮಾತಾಡುವವರು. ಮೆತ್ತಗೆಯೇ ಹೇಳಿದರಂತೆ: "ಸುಮತಿ, ಒಂದು ಬಾಗಿಲು ತೆಗೆಯೋಕೂ ಇನ್ನೊಬ್ಬರು ಬೇಕು ಅಂದ್ರೆ ಒಬ್ಬಳೇ ಇರೋದು ಎಂತಕ್ಕೆ? ದೀಪಾವಳಿ ಒಳಗೆ ನಿಂದೊಂದು ವ್ಯವಸ್ಥೆ ಆಗದಿದ್ರೆ ಕಾರು ಮನೆಗೆ ಬರಲಿ, ನೀನೂ ಬಾ."

ಕಾರು ಹೋದರೆ ಟೈಪಿಂಗ್ ಶಾಲೆಗೆ ಬರುವುದು ಹೇಗೆ? ಶಾಲೆ ಹೋದರೆ ಅವರಿಗೆ ಉಳಿಯುವುದು ಎಂತ? ಮಾರನೇ ದಿನ ರಸ್ತೆ ದಾಟಿ ನನ್ನ ಶಾಪಿಗೆ ಬಂದು ಸ್ಟೂಲಿನ ಮೇಲೆ ಕೂತರು.

"ಲೋಕಪ್ಪನೋರೆ, ಬಾಗಿಲು ತಾನೇ ಏಳಬೇಕು."

ನಾನು ಮರದ ಬಾಗಿಲು ಕಿತ್ತೆ. ತಗಡಿನ ಒಂದೇ ಹಲಗೆ ಮಾಡಿ, ಮೇಲಕ್ಕೆ ಜಾರುವ ಹಾಗೆ ಎರಡು ಕಡೆ ಹಳಿ ಕೂರಿಸಿದೆ. ಬಾಗಿಲಿಗಿಂತ ತುಸು ಭಾರ ಆಗುವಷ್ಟು ಕಲ್ಲು ತುಂಬಿದ ಡಬ್ಬಿಯನ್ನು ರಾಟೆಯ ಮೇಲಿಂದ ಇಳಿಬಿಟ್ಟೆ. ಚಿಲಕ ಜಾರಿತೋ, ಕಲ್ಲಿನ ಡಬ್ಬಿ ಕೆಳಗೆ, ಬಾಗಿಲು ಮೇಲೆ. ಕರೆಂಟಿನ ಹಂಗಿಲ್ಲ. ಮುಚ್ಚಬೇಕಾದರೆ ಕಾರಿನ ಕಿಟಕಿಗೆ ಸಿಗುವ ಹಾಗೆ ಒಂದು ಹಗ್ಗ. ಎಳೆದರೆ ಬಾಗಿಲು ಇಳಿದು ತಾನೇ ಚಿಲಕ ಬೀಳುತ್ತದೆ. ತೆಗೆಯಲಿಕ್ಕೂ ಹಾಗೇ ಇನ್ನೊಂದು ಹಗ್ಗ ಬಿಟ್ಟೆ. ಎಷ್ಟು ಸಲೀಸು ಅಂತ ನನಗೇ ಹೆಮ್ಮೆಯಾಯಿತು.

ಹೆಮ್ಮೆ ಒಂದು ವಾರ ಉಳಿಯಲಿಲ್ಲ. ದಿಬ್ಬದ ಮೇಲೆ ಪ್ರೈಮರಿ ಶಾಲೆ ಇತ್ತು. ಹೋಗುವ ಬರುವ ಮಕ್ಕಳಿಗೆಲ್ಲ ಆ ಹಗ್ಗ ಎಳೆಯುವುದೇ ಆಟ. ಎಳೆದರೆ ಬಾಗಿಲು ಭರ್ ಅಂತ ಹಾರುತ್ತದೆ. ಇನ್ನೊಂದು ಎಳೆದರೆ ಇಳಿಯುತ್ತದೆ. ಸಾಲು ನಿಂತು ಎಳೆದರಂತೆ. ಒಂದು ಸಂಜೆ ಟೀಚರ್ ಮನೆಗೆ ಹೋದರೆ ತೆರೆದ ಶೆಡ್ಡಿನಲ್ಲಿ ಯಾರದ್ದೋ ಎರಡು ಹಸು ಮಲಗಿ ಮೆಲುಕು ಹಾಕುತ್ತಿದ್ದವು.

"ಹಸುಗಳಿಗೆ ತುಂಬ ಅನುಕೂಲ ಆಗಿದೆ" ಅಂದರು ನನಗೆ. "ನನಗೆ ಮಾತ್ರ ತೆಗೆಯೋ ಬಾಗಿಲು ಬೇಕು. ಊರಿಗೆಲ್ಲ ತೆಗೆಯೋದಲ್ಲ."

ಬೀಗ ಹಾಕಿದರೆ ಮತ್ತೆ ಇಳಿಯಬೇಕು. ಹಗ್ಗ ಬಿಟ್ಟರೆ ಹಸು. ಯೋಚಿಸಿ ಯೋಚಿಸಿ ನನಗೆ ದಾರಿ ಹೊಳೆಯಲಿಲ್ಲ. ದಾರಿ ಅವರಿಗೇ ಸಿಕ್ಕಿದ್ದು, ಹೊಸನಗರದ ಮನೆಯ ಅಂಗಳದಲ್ಲಿ. ಅಣ್ಣನ ಮಗನಿಗೆ ಯಾರೋ ನೆಂಟರು ಬೊಂಬಾಯಿಯಿಂದ ಒಂದು ಆಟದ ಕಾರು ತಂದುಕೊಟ್ಟಿದ್ದರು. ವಯರಿಲ್ಲ ಎಂತಿಲ್ಲ, ಕೈಯಲ್ಲಿರುವ ಡಬ್ಬಿಯ ಗುಂಡಿ ಒತ್ತಿದರೆ ಅಷ್ಟು ದೂರದ ಕಾರು ಓಡುತ್ತದೆ. ಆಗ ಅದು ನಮ್ಮ ಕಡೆ ದೊಡ್ಡ ಸೋಜಿಗ. ಹುಡುಗ ಅದನ್ನು ಮೆಟ್ಟಿಲಿನಿಂದ ಹಾರಿಸಿ ಚಕ್ರ ಮುರಿದಿದ್ದ. ಟೀಚರ್ ಅದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದು ನನ್ನ ಮೇಜಿನ ಮೇಲೆ ಬಿಚ್ಚಿದರು.

"ಇದರ ಚಕ್ರ ತಿರುಗಿಸೋ ಮೋಟ್ರು ನಿಮ್ಮ ಚಿಲಕ ಎಳೆಯೋದಿಲ್ವಾ?"

ಎಳೆಯಿತು. ತೆಗೆಯುವ ಹಗ್ಗ ಕಿತ್ತುಹಾಕಿ, ಆಟದ ಕಾರಿನ ಹೊಟ್ಟೆಯಲ್ಲಿದ್ದ ಮೋಟ್ರಿಗೆ ದಾರ ಸುತ್ತಿ, ದಾರದ ತುದಿಗೆ ಚಿಲಕದ ಸನ್ನೆಕೋಲು ಕಟ್ಟಿದೆ. ಗುಂಡಿಯ ಡಬ್ಬಿಯನ್ನು ಟೀಚರ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ರೇಡಿಯೋಗೆ ಅಂತ ಬಿಟ್ಟ ಖಾಲಿ ಜಾಗದಲ್ಲಿ ಕೂರಿಸಿದೆ. ಕಂಪನಿಯಿಂದಲೇ ಹಾಗೆ ಬಂದದ್ದು ಅನ್ನುವ ಹಾಗೆ ಕೂತಿತು. ಆದರೆ ಬಿಚ್ಚಿ ಜೋಡಿಸುವ ಗಲಾಟೆಯಲ್ಲಿ ಎರಡಕ್ಕೂ ಹೊಂದಾಣಿಕೆ ತಪ್ಪಿ, ಗುಂಡಿ ಒತ್ತಿದರೆ ಮೋಟ್ರು ಸುಮ್ಮನೆ ಕೂತಿತು.

ಸಾಗರದಲ್ಲಿ ಖಾದರ್ ಸಾಹೇಬರು ಅಂತ ರೇಡಿಯೋ ರಿಪೇರಿಯವರು ಇದ್ದರು. ನಾನು ಮೋಟ್ರು, ಅದರ ವಯರು ಎಲ್ಲ ಕೂಡಿದ ಸೆಟ್ಟನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋದೆ. ಸಾಹೇಬರು ಕನ್ನಡಕ ಏರಿಸಿ ನೋಡಿದರು.

"ಇದರ ಜೋಡಿ ಎಲ್ಲಿ?"

"ಕಾರಲ್ಲಿ ಕೂರಿಸಿದೀನಿ ಸಾಹೇಬ್ರೆ. ತೀರ್ಥಹಳ್ಳೀಲಿ."

"ಮದ್ವೆ ಮಾಡ್ಸಿ ಅಂತ ಬಂದಿದೀರಿ, ಗಂಡನ್ನ ಒಬ್ಬನೇ ಕರ್ಕೊಂಡು ಬಂದಿದೀರಲ್ಲ ಮಾರಾಯ್ರೆ! ಅದು ಒಂದು ಸ್ವರದಲ್ಲಿ ಕೂಗ್ತದೆ, ಇದು ಅದೇ ಸ್ವರಕ್ಕೆ ಓಗೊಡಬೇಕು. ಎರಡೂ ಎದುರಿಗೆ ಕೂತ್ರೆ ತಾನೇ ಹೊಂದ್ಸೋದು? ಹೋಗಿ, ಹೆಣ್ಣನ್ನೂ ಕರ್ಕೊಂಡು ಬನ್ನಿ."

ಬೆಸುಗೆ ಹಾಕಿ ಕೂರಿಸಿದ ಹೆಣ್ಣನ್ನು ಕಳಚುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಕಾರೇ ಹೋಗಬೇಕಾಯಿತು. ಹಾಗೆ ಒಂದು ಭಾನುವಾರ ಟೀಚರ್ ಓಡಿಸಿಕೊಂಡು, ನಾನು ಪಕ್ಕದಲ್ಲಿ ಸೆಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಸಾಗರಕ್ಕೆ ಹೊರಟೆವು. ಆನಂದಪುರದಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ ಒಬ್ಬ ಲಾರಿ ಡ್ರೈವರ್ ಕಿಟಕಿಯ ಹತ್ತಿರ ಬಂದು, "ಅಮ್ಮಾ, ಗಾಡಿ ಸ್ವಲ್ಪ ಮುಂದೆ ಹಾಕ್ಬೇಕಿತ್ತು, ಡ್ರೈವರ್ ಎಲ್ಲಿ ಹೋಗಿದಾನೆ?" ಅಂತ ನನ್ನ ಮುಖ ನೋಡಿದ. ಟೀಚರ್ ಗೇರು ಹಾಕುತ್ತಾ, "ಅವನು ಇವತ್ತು ಸೀರೆ ಉಟ್ಕೊಂಡು ಬಂದಿದಾನೆ" ಅಂದು ಕಾರು ಮುಂದೆ ಹಾಕಿದರು. ಆ ಮನುಷ್ಯ ಚಾ ಗ್ಲಾಸು ಹಿಡಿದುಕೊಂಡು ನಾವು ಹೊರಡುವ ತನಕ ನೋಡುತ್ತಲೇ ಇದ್ದ.

ಖಾದರ್ ಸಾಹೇಬರು ಸೆಟ್ಟನ್ನು ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಇಟ್ಟರು. ಅಡಿಕೆ ಮರದ ದಬ್ಬೆಯ ಒಂದು ಸೀಳನ್ನು ಸ್ಕ್ರೂಡ್ರೈವರಿನ ಹಾಗೆ ಚೂಪು ಮಾಡಿದರು. ಕಬ್ಬಿಣ ಹತ್ತಿರ ತಂದರೆ ಸ್ವರ ಕೆಡುತ್ತದಂತೆ. ನನಗೆ ಆ ಮಾತು ಯಾಕೋ ಹಿಡಿಸಲಿಲ್ಲ. ಟೀಚರ್ ಕಾರಲ್ಲಿ ಕೂತು ಗುಂಡಿ ಒತ್ತುವುದು, ಸಾಹೇಬರು ಕೂದಲೆಳೆಯಷ್ಟು ತಿರುಗಿಸುವುದು. "ಮತ್ತೆ ಕೂಗಿ ಅಮ್ಮಾ!" "ಕೂಗ್ದೆ!" ಸುತ್ತ ಜನ ಸೇರಿದರು. ಕೊನೆಗೆ ಕಾರನ್ನು ರಸ್ತೆಯ ಆಚೆ ನಿಲ್ಲಿಸಿ ಒತ್ತಿದಾಗಲೂ ಮೋಟ್ರು ಗಿರ್ ಅಂತ ತಿರುಗಿತು. ಸಾಹೇಬರು ಜನರ ಕಡೆ ತಿರುಗಿ, "ಕೂಡಿ ಬಂತು. ಊಟ ಇಲ್ಲ, ಹೋಗಿ" ಅಂದರು.

ಊರಿಗೆ ಬಂದವನೇ ಸೆಟ್ಟಿಗೆ ಒಂದು ಮನೆ ಕಟ್ಟಲು ಕೂತೆ. ಶೆಡ್ಡಿನಲ್ಲಿ ಇಲಿ, ಇರುವೆ, ಆಷಾಢದ ಥಂಡಿ. ಸಾಹೇಬರು ಅಷ್ಟು ನಾಜೂಕಾಗಿ ಹೊಂದಿಸಿಕೊಟ್ಟದ್ದನ್ನು ಬಯಲಿನಲ್ಲಿ ಇಡಲಾಗುತ್ತದೆಯೇ? ದಪ್ಪ ತಗಡು ತಂದೆ. ಮೂಲೆ ಮೂಲೆಗೂ ಎಡೆ ಬಿಡದೆ ಬೆಸುಗೆ. ಮುಚ್ಚಳದ ಸುತ್ತ ರಬ್ಬರು. ದಾರ ಹೊರಗೆ ಬರುವ ಸಂದಿಗೂ ಒಂದು ಕಬ್ಬಿಣದ ಕೊಳವೆ. ನನ್ನ ಜನ್ಮದಲ್ಲಿ ಅಷ್ಟು ಚಂದದ ಡಬ್ಬ ಮಾಡಿರಲಿಲ್ಲ. ಸೆಟ್ಟನ್ನು ಅದರೊಳಗೆ ಕೂರಿಸಿ, ಶೆಡ್ಡಿನ ಗೋಡೆಗೆ ಬಿಗಿದೆ.

ಟೀಚರ್ ಗುಂಡಿ ಒತ್ತಿದರು. ಬಾಗಿಲು ಏಳಲಿಲ್ಲ.

ಬಿಚ್ಚಿ ಮೇಜಿನ ಮೇಲೆ ಇಟ್ಟರೆ ಕೆಲಸ ಮಾಡುತ್ತದೆ. ಡಬ್ಬದಲ್ಲಿ ಇಟ್ಟು ಗೋಡೆಗೆ ಏರಿಸಿದರೆ ಮೂಕ. ಬ್ಯಾಟರಿ ಬದಲಿಸಿದೆ. ದಾರ ಬದಲಿಸಿದೆ. ಗೋಡೆಯೇ ಸರಿಯಿಲ್ಲ ಅಂತ ಆಚೆ ಗೋಡೆಗೆ ಕೂರಿಸಿದೆ. ಖಾದರ್ ಸಾಹೇಬರ ಮೇಲೂ ಅನುಮಾನ ಬಂತು; ಬಾಯಿ ಬಿಟ್ಟು ಅಂದೂ ಬಿಟ್ಟೆ. ಹೀಗೆ ಇಳಿಸಿ ಹತ್ತಿಸಿ ದೀಪಾವಳಿ ಹತ್ತಿರ ಬಂತು. ನಾಳೆ ಬರುತ್ತೇನೆ ಅಂತ ನೇಮಿರಾಜಯ್ಯನವರು ಹೇಳಿ ಕಳಿಸಿದರು.

ಆ ಮಧ್ಯಾಹ್ನ ಟೀಚರ್ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು, ಬೆತ್ತವನ್ನು ಅಡ್ಡ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ಸಣ್ಣ ಟ್ರಾನ್ಸಿಸ್ಟರು. ಭದ್ರಾವತಿ ಸ್ಟೇಷನ್ನಿನಲ್ಲಿ ಯಾರೋ ಗೊಬ್ಬರದ ವಿಷಯ ಮಾತಾಡುತ್ತಿದ್ದರು. ಯಾವಾಗಲೂ ಏನಾದರೊಂದು ಚುಚ್ಚುವ ಹೆಂಗಸು ಅವತ್ತು ಮಾತೇ ಆಡುತ್ತಿರಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು.

"ಡಬ್ಬದೊಳಗೆ ನೀರು ಇಳಿದಿರಬಹುದಾ?" ಅಂತ ಕೇಳಿದರು ಕೊನೆಗೆ.

ನನಗೆ ಸಿಟ್ಟು ಬಂತು. ನನ್ನ ಬೆಸುಗೆಯಲ್ಲಿ ನೀರು! "ಟೀಚರ್ರೇ, ನಿಮ್ಮ ರೇಡಿಯೋನೇ ಕೊಡಿ. ಇದ್ರೊಳಗೆ ಇಟ್ಟು ಮುಚ್ಚಿ ಒಂದು ಕೊಡ ನೀರು ಹುಯ್ಯಿರಿ. ಒಂದು ಹನಿ ತಾಗಿದ್ರೆ ನಾನು ಶಾಪು ಮುಚ್ತೀನಿ" ಅಂದೆ.

ಅವರು ಟ್ರಾನ್ಸಿಸ್ಟರನ್ನು ಕೊಟ್ಟರು. ನಾನು ಖಾಲಿ ಡಬ್ಬದಲ್ಲಿ ಇಟ್ಟು ಮುಚ್ಚಳ ಒತ್ತಿದೆ. ಗೊಬ್ಬರದ ಮಾತು ನಿಂತಿತು. ಒಳಗಿನಿಂದ ಬರೀ ಕೊರ್ ಅನ್ನುವ ಸದ್ದು.

"ನಿಮ್ಮ ಬ್ಯಾಟರಿ ಹೋಯ್ತು" ಅಂದೆ.

"ತೆಗೀರಿ."

ತೆಗೆದೆ. "...ಗಿಡದ ಬುಡದಿಂದ ಒಂದಡಿ ದೂರದಲ್ಲಿ..." ಅಂತ ಮಾತು ಶುರುವಾಯಿತು.

"ಮುಚ್ಚಿ."

ಕೊರ್.

"ತೆಗೀರಿ."

ಗೊಬ್ಬರ.

ಟೀಚರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಡಬ್ಬವನ್ನು ನೋಡಿದರು, ನನ್ನನ್ನು ನೋಡಿದರು. ಅವರ ಕಣ್ಣಿಗೆ ಜೀವ ಬಂದಿತ್ತು. "ಲೋಕಪ್ಪನೋರೆ, ನಿಮ್ಮ ಡಬ್ಬದ ಒಳಗೆ ನೀರು ಹೋಗೋದಿಲ್ಲ, ಇಲಿ ಹೋಗೋದಿಲ್ಲ, ಭದ್ರಾವತಿನೂ ಹೋಗೋದಿಲ್ಲ. ಇನ್ನು ನಾನು ಕೂಗಿದ್ದು ಹೇಗೆ ಹೋಗ್ತದೆ? ಅದಕ್ಕೊಂದು ಕಿವಿ ಇಡಿ."

ಆ ಡಬ್ಬಕ್ಕೆ ತೂತು ಕೊರೆಯುವಾಗ ನನಗೆ ಆದ ಸಂಕಟ ದೇವರಿಗೇ ಗೊತ್ತು. ಎರಡು ಸಲ ಡ್ರಿಲ್ಲನ್ನು ಇಟ್ಟು ಎರಡು ಸಲ ತೆಗೆದೆ. ಟೀಚರ್ ಆ ಕಡೆ ಮುಖ ತಿರುಗಿಸಿಕೊಂಡು ಕೂತರು. ಅದು ಅವರ ದೊಡ್ಡತನ. ಕೊರೆದು, ರಬ್ಬರಿನ ಬಳೆ ಕೂರಿಸಿ, ಸೆಟ್ಟಿನ ಸ್ವರ ಹಿಡಿಯುವ ವಯರನ್ನು ಹೊರಕ್ಕೆ ತೆಗೆದು, ಹೆಂಚಿನ ಸಂದಿಯಿಂದ ಆಚೆ ಒಂದು ಮೊಳ ಇಳಿಬಿಟ್ಟೆ. ಟೀಚರ್ ಎದ್ದು ಕಾರಿಗೆ ಹೋಗಿ ಗುಂಡಿ ಒತ್ತಿದರು. ಚಿಲಕ ಖಟಕ್ ಅಂತು. ಕಲ್ಲಿನ ಡಬ್ಬಿ ಇಳಿಯಿತು, ಬಾಗಿಲು ಎದ್ದಿತು.

ಟೀಚರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಸಾಗರದ ಸಾಹೇಬರಿಗೆ ಬೈದಿದ್ರಲ್ಲ, ವಾಪಸ್ ತಗೊಳ್ಳಿ" ಅಂದರು. ತಗೊಂಡೆ.

ಮರುದಿನ ನೇಮಿರಾಜಯ್ಯನವರು ಬಂದರು. ಟೀಚರ್ ಅವರನ್ನು ಬಸ್ ಸ್ಟ್ಯಾಂಡಿನಿಂದಲೇ ಕಾರಿನಲ್ಲಿ ಕೂರಿಸಿಕೊಂಡು ದಿಬ್ಬ ಹತ್ತಿಸಿದರು. ಶೆಡ್ಡಿನ ಮುಂದೆ ಕಾರು ನಿಂತದ್ದೇ ಅಣ್ಣ ರೂಢಿಯ ಮೇಲೆ ಇಳಿದು, ಪಂಚೆ ಎತ್ತಿಕೊಂಡು ಬಾಗಿಲ ಕಡೆ ಹೊರಟರು.

"ಅಣ್ಣಯ್ಯ, ಕೈ ಹಿಂದೆ!"

ಆ ಹಿರಿಯರು ತಿರುಗಿ ನೋಡಿ, ಏನೂ ಅರ್ಥವಾಗದೆ, ಪಂಚೆ ಬಿಟ್ಟು ಕೈ ಹಿಂದಕ್ಕೆ ಕಟ್ಟಿದರು. ನಾನು ಗೋಡೆಯ ಮಗ್ಗುಲಲ್ಲಿ ನಿಂತಿದ್ದೆ. ಟೀಚರ್ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಅವರು ಗಾಬರಿಯಾಗದೆ ಕಾರನ್ನು ಸ್ವಲ್ಪ ಮುಂದೆ ತಂದು ಮತ್ತೆ ಒತ್ತಿದರು. ಖಟಕ್. ಬಾಗಿಲು ಅಣ್ಣನವರ ಮೂಗಿನ ಎದುರಿಗೇ ಎದ್ದು ಹೋಯಿತು. ಕಾರು ಅವರನ್ನು ದಾಟಿ ಒಳಗೆ ಹೋಗಿ ನಿಂತಿತು.

ನೇಮಿರಾಜಯ್ಯನವರು ಬಾಗಿಲನ್ನು ಮೇಲೆ ಕೆಳಗೆ ನೋಡಿದರು. "ಅಂತೂ ನೀನು ಹೊಸನಗರಕ್ಕೆ ಬರೋದಿಲ್ಲ ಅಂತ ಆಯ್ತು" ಅಂದರು.

"ಯಾಕೆ ಬರೋದಿಲ್ಲ? ಪ್ರತಿ ಭಾನುವಾರ ಬರ್ತೀನಿ. ಊಟಕ್ಕೆ. ಅತ್ತಿಗೆಗೆ ಹೇಳಿ."

ಅಣ್ಣ ನಕ್ಕರು. ಆಮೇಲೆ ಕಾರಿನಲ್ಲಿ ಹೋಗಿ ಕೂತು, ಮಗುವಿನ ಹಾಗೆ ಮತ್ತೆ ಮತ್ತೆ ಗುಂಡಿ ಒತ್ತಿದರು. ಮೇಲೆ ಹೋದ ಬಾಗಿಲನ್ನು ಪ್ರತಿ ಸಲ ಹಗ್ಗ ಎಳೆದು ಇಳಿಸಿದವನು ನಾನು.

ಆ ಬಾಗಿಲು ಚೆನ್ನಾಗಿಯೇ ನಡೆಯಿತು. ಯಾವಾಗಲಾದರೂ ಮುನಿಸಿಕೊಂಡರೆ ಖಾದರ್ ಸಾಹೇಬರು ಶಿವಮೊಗ್ಗದ ಕಡೆ ಬಂದಾಗ ದಬ್ಬೆಯ ಸೀಳನ್ನು ಜೇಬಿನಲ್ಲಿ ಇಟ್ಟುಕೊಂಡು ಬಂದು "ಗಂಡ ಹೆಂಡ್ತಿ ರಾಜಿ" ಮಾಡಿಸಿ ಹೋಗುವರು. ಟೀಚರ್ ಬಾಗಿಲನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು. "ನೋಡಿ, ಕೇಳಿದಾಗ ತೆಗೀತದೆ. ಕೇಳದಿದ್ರೆ ತನ್ನ ಪಾಡಿಗೆ ಇರ್ತದೆ. ಊರವರಿಗೂ ಇಷ್ಟು ಬಂದಿದ್ರೆ ಚಂದ ಇತ್ತು" ಅನ್ನುವರು. ಹೇಳುವಾಗ ನನ್ನ ಕಡೆ ನೋಡುತ್ತಿದ್ದರು. ಊರವರಲ್ಲಿ ನಾನೂ ಒಬ್ಬ ಅಂತ.

ಅವರು ಈಗಿಲ್ಲ. ಕಾಯಿಲೆ ಬಿದ್ದು ಹೊಸನಗರದ ಮನೆಯಲ್ಲಿ ತೀರಿಕೊಂಡರು ಅಂತ ನನಗೆ ಗೊತ್ತಾದಾಗ ಎಲ್ಲ ಮುಗಿದಿತ್ತು. ಆದರೆ ರಸ್ತೆಯ ಆಚೆ ಆಲಿಕಲ್ಲಿನ ಸದ್ದು ನಿಲ್ಲಲಿಲ್ಲ. ಬ್ಯಾಕೋಡಿನ ಕಡೆಯ ಒಬ್ಬಳು ಹುಡುಗಿ, ಅವಳಿಗೂ ಒಂದು ಕಾಲಿಗೆ ಕಬ್ಬಿಣದ ಪಟ್ಟಿ, ಆ ಶಾಲೆಯನ್ನು ನಡೆಸಿಕೊಂಡು ಬಂದಳು. ಟೀಚರ್ ಅವಳನ್ನು ಕರೆತರಲು ಹೊರಟಿದ್ದ ದಿನವೇ ನಾನು ಅವರನ್ನು ಕೊನೆಯ ಸಲ ನೋಡಿದ್ದು.

ಸಾಗರದ ಆಚೆ, ಶರಾವತಿ ಹಿನ್ನೀರು ದಾಟುವ ಲಾಂಚಿನ ಹತ್ತಿರ ದಡದ ಅಂಚಿಗೆ ಕಟಾಂಜನ, ಅಂದರೆ ಸರಳಿನ ತಡೆ, ಬೆಸೆಯುವ ಕೆಲಸ ಸಿಕ್ಕಿ ನಾನು ತಿಂಗಳುಗಟ್ಟಲೆ ಅಲ್ಲೇ ಉಳಿದಿದ್ದೆ; ತಿರುಗಿ ಊರಿಗೆ ಬಂದದ್ದು ಅವರು ಹೋದ ಮೇಲೆ. ನೋಡುತ್ತೇನೆ, ಹಾಲಿನ ಬಣ್ಣದ ಫಿಯೆಟ್ ಲಾಂಚಿನ ಮೇಲೆ ಏರಿ ನಿಂತಿದೆ. ಟೀಚರ್ ಇಳಿದು ದಡದಲ್ಲಿ ಚಾ ಕುಡಿಯುತ್ತಿದ್ದರು. ಕೂದಲು ನರೆತಿತ್ತು, ಸ್ವಲ್ಪ ಸೊರಗಿದ್ದರು.

"ಎಂತ ಟೀಚರ್ರೇ, ಇಷ್ಟು ದೂರ?"

"ಒಂದು ಹುಡುಗಿ ಇದಾಳೆ. ಮನೆಯವರು ಹೊರಗೆ ಕಳ್ಸೋದಿಲ್ವಂತೆ, ಪಾಪ ಅಂತೆ. ಆ ಪಾಪದಿಂದ ಬಿಡಿಸ್ಕೊಂಡು ಬರೋಣ ಅಂತ ಹೊರಟೆ. ಕಾರು ತೋರಿಸ್ತೀನಿ. ಅವಳು ಒಪ್ಪಿದ್ರೆ ಇನ್ನೊಂದು ಕೈ ಕ್ಲಚ್ಚು ಮಾಡ್ಬೇಕಾಗ್ತದೆ, ನೋಡಿ. ಈ ಸಲ ಎಮ್ಮೆ ಬೇಡ."

ಲಾಂಚು ಕೂಗಿತು. ದಡದಿಂದ ಲಾಂಚಿಗೆ ಹಾಸಿದ ಹಲಗೆ ಒದ್ದೆಯಾಗಿತ್ತು. ಟೀಚರ್ ಹಲಗೆಯ ಮುಂದೆ ಬಂದು ನಿಂತರು. ನಾನು ಒಂದು ಹೆಜ್ಜೆ ಹಿಂದೆ, ರೂಢಿಯ ಹಾಗೆ ಕೈ ಕಟ್ಟಿಕೊಂಡು ನಿಂತಿದ್ದೆ. ಅವರು ಬೆತ್ತದಿಂದ ಹಲಗೆಯನ್ನು ಮುಟ್ಟಿ ನೋಡಿದರು.

"ಲೋಕಪ್ಪನೋರೆ, ಕೈ ಕೊಡಿ."

ನನಗೆ ಕೇಳಿಸಿತು, ಆದರೆ ಕೈ ಬರಲಿಲ್ಲ. ಅಷ್ಟು ವರ್ಷದ ಅಭ್ಯಾಸ.

"ಕಿವಿ ಡಬ್ಬದ ಒಳಗೆ ಇಟ್ಟಿದೀರಾ ಹೇಗೆ? ಕೊಡಿ ಅಂದೆ."

ಕೊಟ್ಟೆ. ಹಗುರ ಇದ್ದರು. ಹಲಗೆ ದಾಟಿದ ಕೂಡಲೇ ಕೈ ಬಿಟ್ಟು, ಕಾರಿನ ಬಾಗಿಲನ್ನು ತಾವೇ ತೆಗೆದು, ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗೆ ಇಟ್ಟುಕೊಂಡು, ಬಾಗಿಲು ಹಾಕಿಕೊಂಡರು. ನಾನು ದಡಕ್ಕೆ ಬಂದೆ. ಲಾಂಚು ಹೊರಟಿತು. ನೀರಿನ ಮೇಲೆ ಕಾರು ಚಿಕ್ಕದಾಗುತ್ತಾ ಹೋಯಿತು. ಅಷ್ಟು ದೂರದಿಂದ ಹಾರ್ನ್ ಕೇಳಿಸಿತು, ಮನೆಯ ಮುಂದೆ ಎಂದೂ ಹಾರ್ನ್ ಮಾಡದ ಆ ಹೆಂಗಸು ಮಾಡಿದ್ದು.

ಕೈ ಬೀಸೋಣ ಅಂತ ನೋಡಿಕೊಂಡರೆ, ಎರಡೂ ಕೈ ಆಗಲೇ ಹಿಂದಕ್ಕೆ ಹೋಗಿ ಕೂತಿದ್ದವು.